ಒಂದು ತಿಂಗಳ ಓದು, ಒಂದು ತಿಂಗಳ ನೋಟ

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕವೊಂದುಂಟು. ಅದರ ಮುಂಬದಿಯ ಹಾಳೆಗಳು ನನ್ನ ಹೆಂಡತಿಯ ಅಧೀನ, ಹಿಂಬದಿಯವು ನನ್ನವು. ಆಕೆ ಹಾಲು, ತರಕಾರಿ, ಇಸ್ತ್ರಿಯವನ ಬಾಕಿ ಇವುಗಳನ್ನು ಬರೆಯುತ್ತ ಬರುತ್ತಾಳೆ. ನಾನು ಓದಿದ ಪುಸ್ತಕ, ನೋಡಿದ ಸಿನಿಮಾ ಇವುಗಳ ಹೆಸರನ್ನೂ ತಾರೀಖನ್ನೂ ಬರೆಯುತ್ತ ಹೋಗುತ್ತೇನೆ. ವರ್ಷದ ಕೊನೆಯಲ್ಲಿ ಇಬ್ಬರ ಲೆಕ್ಕವೂ ನಡುವಿನ ಯಾವುದೋ ಹಾಳೆಯಲ್ಲಿ ಸಂಧಿಸುತ್ತದೆ. ಆಗ ಆಕೆ, “ನನ್ನದು ಖರ್ಚಿನ ಲೆಕ್ಕ, ನಿಮ್ಮದು ಕಾಲಹರಣದ ಲೆಕ್ಕ” ಎಂದು ನಗುವುದುಂಟು. ನಾನು ಪ್ರತಿಭಟಿಸುವುದಿಲ್ಲ.

ಕಳೆದ ಆಷಾಢದ ಪುಟವನ್ನು ಮೊನ್ನೆ ತಿರುವಿಹಾಕುತ್ತಿದ್ದೆ. ಆಷಾಢವೆಂದರೆ ಮದುವೆ ಮುಂಜಿಗಳ ಕಾಟವಿಲ್ಲದ ತಿಂಗಳು. ಬೆಂಗಳೂರಿನಲ್ಲಿ ಮಳೆ ಬಿದ್ದೂ ಬೀಳದಂತಿರುತ್ತದೆ. ಗಾಳಿ ಮಾತ್ರ ಬಿಡದೆ ಬೀಸುತ್ತದೆ. ಎಪ್ಪತ್ತು ದಾಟಿದ ನಿವೃತ್ತನಿಗೆ ಓದುವುದಕ್ಕೂ ನೋಡುವುದಕ್ಕೂ ಇದಕ್ಕಿಂತ ಪ್ರಶಸ್ತವಾದ ಕಾಲ ಬೇರೊಂದಿಲ್ಲ. ಆ ಪುಟದಲ್ಲಿ ನಾಲ್ಕು ಪುಸ್ತಕಗಳ ಹೆಸರಿದೆ, ಐದು ಚಿತ್ರಗಳ ಹೆಸರಿದೆ. ಇವುಗಳನ್ನು ನಾನು ಯಾವ ಕ್ರಮವನ್ನೂ ಇಟ್ಟುಕೊಂಡು ಆರಿಸಿದವನಲ್ಲ. ಕೈಗೆ ಬಂದುದನ್ನು ಓದಿದೆ, ಕರೆದಲ್ಲಿಗೆ ಹೋದೆ. ಆದರೂ ತಿಂಗಳು ಮುಗಿದ ಮೇಲೆ ನೋಡಿದರೆ, ಇವುಗಳಲ್ಲಿ ಬಹುಪಾಲು ಒಬ್ಬಳೇ ಹೆಂಗಸಿನ ಸುತ್ತ ಸುತ್ತಿದಂತೆ ಕಂಡಿತು. ಅವಳು ಯಾರೆಂಬುದನ್ನು ಹೇಳಿ ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಸುಲಭವಾದವುಗಳನ್ನು ಮುಗಿಸಿಬಿಡುತ್ತೇನೆ. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ 1937ರ ಪುಸ್ತಕ. ನನಗಿಂತ ವಯಸ್ಸಿನಲ್ಲಿ ಹಿರಿದು. ವರ್ಷಕ್ಕೊಮ್ಮೆ ಅದನ್ನು ಓದುವುದು ನನಗೆ ಹಬ್ಬಕ್ಕೆ ಎಣ್ಣೆನೀರು ಹಾಕಿಕೊಂಡಂತೆ. ಅದರ ಗುಣವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಇನ್ನೊಂದು, ಮೊಮ್ಮಗ ಹಟ ಮಾಡಿ ಕರೆದೊಯ್ದು ತೋರಿಸಿದ ಹೊಸ ಸಿನಿಮಾ. ಒಂದೇ ಕಟ್ಟಡದಲ್ಲಿ ಎಂಟೋ ಒಂಬತ್ತೋ ಚಿತ್ರಮಂದಿರಗಳು. ಜೋಳದ ಅರಳಿನ ಪೊಟ್ಟಣಕ್ಕೆ ಟಿಕೆಟ್ಟಿಗಿಂತ ಹೆಚ್ಚು ಬೆಲೆ. ನಾಯಕನು ತೆರೆಯ ಮೇಲೆ ಕಾಲಿಟ್ಟಾಗಲೆಲ್ಲ ನನ್ನ ಕುರ್ಚಿ ಅದುರುತ್ತಿತ್ತು. ಅಷ್ಟು ಗದ್ದಲದಲ್ಲಿಯೂ ನಾನು ನಿದ್ದೆಹೋದೆನೆಂದು ಮೊಮ್ಮಗ ಮನೆಗೆ ಬಂದು ಸಾರಿದ. ಆದುದರಿಂದ ಅದರ ಗುಣದೋಷಗಳನ್ನು ಚರ್ಚಿಸುವ ಅಧಿಕಾರ ನನಗಿಲ್ಲ.

ತಿಂಗಳ ಮೊದಲ ವಾರದಲ್ಲಿ ಓದಿದುದು ‘ಫಣಿಯಮ್ಮ’. ಎಂ. ಕೆ. ಇಂದಿರಾ ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಸಂಸಾರದ ಕೆಲಸಗಳ ನಡುವೆ, ಹೆಚ್ಚು ಶಾಲೆಯನ್ನೂ ಕಾಣದೆ, ನಲವತ್ತೈದರ ಆಸುಪಾಸಿನಲ್ಲಿ ಕಾದಂಬರಿ ಬರೆಯತೊಡಗಿದವರು. ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಿತು. ಪುಟ್ಟಣ್ಣ ಕಣಗಾಲರು ಚಲಚ್ಚಿತ್ರವಾಗಿಸಿದ ‘ಗೆಜ್ಜೆಪೂಜೆ’ಯೂ ಅವರದೇ. ‘ಫಣಿಯಮ್ಮ’ 1976ರದು. ಅದು ಕಲ್ಪನೆಯ ಕತೆಯಲ್ಲ. ಲೇಖಕಿ ತಮ್ಮ ತಾಯಿಯಿಂದ ಕೇಳಿ ತಿಳಿದ ಒಂದು ನಿಜವಾದ ಬಾಳು. ಆಟದ ವಯಸ್ಸಿನಲ್ಲಿ ಮದುವೆ. ಗಂಡನೆನ್ನಿಸಿಕೊಂಡ ಹುಡುಗ ಹಾವು ಕಚ್ಚಿ ತೀರಿಕೊಂಡ. ಮೈನೆರೆದ ಮೇಲೆ ತಲೆಗೂದಲು ಹೋಯಿತು. ಆಮೇಲೆ ನೂರು ವರ್ಷಕ್ಕೂ ಮೀರಿದ ಆಯುಸ್ಸು. ಆ ದೀರ್ಘವಾದ ಬಾಳಿನಲ್ಲಿ ಆಕೆ ಯಾರ ಮೇಲೆಯೂ ಕೂಗಾಡಲಿಲ್ಲ. ಆದರೆ ಅಸ್ಪೃಶ್ಯರೆನಿಸಿಕೊಂಡವರ ಮನೆಯ ಹೆಣ್ಣೊಬ್ಬಳು ಹೆರಿಗೆಯಾಗದೆ ಒದ್ದಾಡುತ್ತಿದ್ದಾಗ ಮಡಿಯನ್ನು ಬದಿಗಿಟ್ಟು ಹೋಗಿ ಮಗುವನ್ನು ಹೊರತೆಗೆದಳು. ತಲೆ ಬೋಳಿಸಿಕೊಳ್ಳಲಾರೆನೆಂದು ಎದುರುನಿಂತ ಎಳೆಯ ವಿಧವೆಯೊಬ್ಬಳ ಪಕ್ಷವನ್ನು ವಹಿಸಿದಳು.

ಈ ಕಾದಂಬರಿಯನ್ನು ನಾನು ಹಿಂದೆಯೂ ಓದಿದ್ದೆ. ಆಗ ಮೆಚ್ಚಿ, ಮುಚ್ಚಿ, ಕಪಾಟಿನಲ್ಲಿಟ್ಟಿದ್ದೆ. ಈ ಬಾರಿ ಹಾಗಾಗಲಿಲ್ಲ. ಪುಸ್ತಕ ಮುಗಿದ ರಾತ್ರಿಯೇ ಮೊಮ್ಮಗಳು ತನ್ನ ಗಣಕಯಂತ್ರದಲ್ಲಿ ಹುಡುಕಿ ಅದೇ ಕತೆಯ ಚಿತ್ರವನ್ನು ತೋರಿಸಿದಳು. ರಂಗಭೂಮಿಯಿಂದ ಬಂದ ಪ್ರೇಮಾ ಕಾರಂತರು 1983ರಲ್ಲಿ ನಿರ್ದೇಶಿಸಿದ ಚಿತ್ರವದು. ಫಣಿಯಮ್ಮನಾಗಿರುವವರು ಎಲ್. ವಿ. ಶಾರದಾ. 1971ರ ‘ವಂಶವೃಕ್ಷ’ ಚಿತ್ರದಲ್ಲಿ ಮರುಮದುವೆಯಾಗುವ ಕಾತ್ಯಾಯನಿಯ ಪಾತ್ರವನ್ನು ವಹಿಸಿದವರೂ ಅವರೇ. ಬಾಗಿಲು ತೆಗೆದುಕೊಂಡು ಹೊರಗೆ ಹೋದವಳು, ಒಳಗೇ ಉಳಿದು ಮನೆಯನ್ನು ಬೆಳಗಿಸಿದವಳು, ಈ ಇಬ್ಬರೂ ಒಂದೇ ಮುಖವನ್ನು ಧರಿಸಿ ನಮ್ಮೆದುರು ಬಂದಿದ್ದಾರೆಂಬುದು ಎಷ್ಟು ಅರ್ಥವತ್ತಾದ ಆಕಸ್ಮಿಕ!

ನಮ್ಮ ಪ್ರತಿ ಮಸುಕಾಗಿತ್ತು. ಮಾತು ಅಲ್ಲಲ್ಲಿ ಕೇಳಿಸುತ್ತಿರಲಿಲ್ಲ. ಆದರೆ ಸೆರಗು ಹೊದ್ದ ಆ ಬೋಳುತಲೆ ಮತ್ತೆ ಮತ್ತೆ ಕಣ್ಣೆದುರಿಗೆ ಬರುತ್ತಿತ್ತು. ಓದುವಾಗ ನನಗೆ ಅದು ಕಂಡಿರಲೇ ಇಲ್ಲವೆಂಬುದು ಆಗ ಹೊಳೆಯಿತು. ಕಾದಂಬರಿಯಲ್ಲಿ ಅದು ಒಂದು ಸಂಗತಿ; ಒಮ್ಮೆ ಹೇಳಿದ ಮೇಲೆ ಓದುಗನು ಅದನ್ನು ಮರೆಯಬಹುದು, ಮಾತನ್ನು ಕೇಳುತ್ತ ಮುಂದೆ ಹೋಗಬಹುದು. ತೆರೆಯ ಮೇಲೆ ಆ ಸೌಕರ್ಯವಿಲ್ಲ. ಪುಟ ತಿರುವಿದಂತೆ ಚಿತ್ರವನ್ನು ತಿರುವಲಾಗುವುದಿಲ್ಲ.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳಬೇಕಾಗಿದೆ. ನಾನು ಹುಟ್ಟಿ ಬೆಳೆದುದೂ ತೀರ್ಥಹಳ್ಳಿಯ ಸೀಮೆಯ ಒಂದು ಅಡಿಕೆತೋಟದ ಮನೆಯಲ್ಲಿಯೇ. ನಮ್ಮ ತಂದೆಯ ಅಕ್ಕ, ನಮಗೆಲ್ಲ ದೊಡ್ಡತ್ತೆ, ಆ ಮನೆಯಲ್ಲಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಕೆಂಪು ಸೀರೆ, ತಲೆಯ ಮೇಲೆ ಸೆರಗು, ನಡುಮನೆಯ ಪಕ್ಕದ ಕತ್ತಲೆಯ ಕೋಣೆ. ಇಷ್ಟೇ ಅವರ ಆಸ್ತಿ. ತಿಂಗಳಿಗೊಮ್ಮೆ ಹಿತ್ತಿಲಿಗೆ ಕ್ಷೌರಿಕ ಬರುತ್ತಿದ್ದ. ಆ ಹೊತ್ತಿಗೆ ಮಕ್ಕಳಾದ ನಮ್ಮನ್ನು ಏನಾದರೊಂದು ನೆಪ ಹೇಳಿ ತೋಟಕ್ಕೆ ಕಳುಹಿಸುತ್ತಿದ್ದರು. ಅತ್ತ ನೋಡಬಾರದೆಂಬುದು ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ. ಹೀಗೆ ನೋಡದಿರುವುದನ್ನು ನಾನು ಚಿಕ್ಕಂದಿನಲ್ಲಿಯೇ ಕಲಿತೆ.

ಆದರೆ ಓದುವುದನ್ನು ಕಲಿತುದೂ ಅವರಿಂದಲೇ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಅಡಿಕೆ ಸುಲಿಯುತ್ತ ಕುಳಿತು, ಪೇಟೆಯಿಂದ ತಂದ ವಾರಪತ್ರಿಕೆಯ ಧಾರಾವಾಹಿಯನ್ನೋ ತ್ರಿವೇಣಿಯವರ ಕಾದಂಬರಿಯನ್ನೋ ನನ್ನಿಂದ ಓದಿಸಿ ಕೇಳುತ್ತಿದ್ದರು. ನಾನು ಬೇಸರದಿಂದ ಎರಡು ಸಾಲು ಹಾರಿಸಿದರೆ ತಕ್ಷಣ ಹಿಡಿಯುತ್ತಿದ್ದರು. “ಎಂಥದೋ ಬಿಟ್ಟೆಯಲ್ಲೋ ಮಾಣಿ. ಅವಳು ಸಿಟ್ಟು ಮಾಡ್ಕೊಂಡು ಹೋದವಳು ಇಷ್ಟು ಬೇಗ ಹೆಂಗೆ ವಾಪಸು ಬಂದ್ಲು?” ಎನ್ನುತ್ತಿದ್ದರು. ಇಂದಿಗೂ ಓದುವಾಗ ಸಾಲು ಹಾರಿಸಿದರೆ ಆ ಧ್ವನಿ ನನಗೆ ಕೇಳಿಸುತ್ತದೆ. ಹಿಂದೆ ‘ಫಣಿಯಮ್ಮ’ವನ್ನು ಓದಿದಾಗ ಮಾತ್ರ ಅದೇಕೋ ಕೇಳಿಸಿರಲಿಲ್ಲ.

ಎರಡನೆಯ ವಾರದಲ್ಲಿ ಸ್ನೇಹಿತರೊಬ್ಬರು ‘ಘಟಶ್ರಾದ್ಧ’ದ ನವೀಕೃತ ಪ್ರತಿಯನ್ನು ನೋಡೋಣ ಬನ್ನಿ ಎಂದು ಕರೆದೊಯ್ದರು. ಗಿರೀಶ ಕಾಸರವಳ್ಳಿಯವರು ತಮ್ಮ ಇಪ್ಪತ್ತೇಳರ ಹರೆಯದಲ್ಲಿ, 1977ರಲ್ಲಿ ತೆಗೆದ ಮೊದಲ ಪೂರ್ಣ ಚಿತ್ರ. ಆ ವರ್ಷದ ಸ್ವರ್ಣಕಮಲವನ್ನು ಪಡೆದ ಕಪ್ಪು-ಬಿಳುಪಿನ ಚಿತ್ರ. ಹಾಳಾಗುತ್ತಿದ್ದ ಇದನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿನವರೂ ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆಯವರೂ ಕೂಡಿ ಸರಿಪಡಿಸಿದ್ದಾರೆ. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಹೋಗುವ ಮುನ್ನ ಯು. ಆರ್. ಅನಂತಮೂರ್ತಿಯವರ ಮೂಲ ಕತೆಯನ್ನು ಮತ್ತೊಮ್ಮೆ ಓದಿಕೊಂಡೆ.

ಕತೆ ವಾಚಕರಿಗೆ ತಿಳಿದುದೇ. ಮಲೆನಾಡಿನ ಒಂದು ಮನೆಯಲ್ಲಿ ವೇದಪಾಠಶಾಲೆ. ಕಲಿಯಲು ಬಂದ ಚಿಕ್ಕ ಹುಡುಗ ನಾಣಿ. ಗುರುಗಳಾದ ಉಡುಪರ ವಿಧವೆ ಮಗಳು ಯಮುನಕ್ಕ. ಮನೆ ಬಿಟ್ಟು ಬಂದ ಹುಡುಗನಿಗೆ ಅಕ್ಕರೆ ತೋರಿಸಿದವಳು ಅವಳೊಬ್ಬಳೇ. ಅವಳು ಗರ್ಭಿಣಿಯೆಂಬುದು ಊರಿಗೆ ತಿಳಿಯುತ್ತದೆ. ಬದುಕಿರುವವಳನ್ನು ಸತ್ತಳೆಂದು ಸಾರಿ, ಅವಳ ಸ್ಥಾನದಲ್ಲಿ ಒಂದು ಗಡಿಗೆಯನ್ನಿಟ್ಟು ಕರ್ಮ ಮಾಡಿ ಅದನ್ನು ಒಡೆಯುವುದೇ ಘಟಶ್ರಾದ್ಧ. ಅದನ್ನು ಮಾಡುವವನು ಹೆತ್ತ ತಂದೆ. ಕೊನೆಯಲ್ಲಿ ನಾಣಿಯನ್ನು ಅವನ ತಂದೆ ಬಂದು ಕರೆದುಕೊಂಡು ಹೊರಡುತ್ತಾನೆ. ಹೋಗುವ ದಾರಿಯಲ್ಲಿ, ಮರದಡಿಯಲ್ಲಿ, ತಲೆ ಬೋಳಿಸಿದ ಯಮುನಕ್ಕ ಕುಳಿತಿದ್ದಾಳೆ.

ಹಿಂದೊಮ್ಮೆ, ಯೌವನದಲ್ಲಿ, ಈ ಚಿತ್ರವನ್ನು ನೋಡಿ ಹೊರಬಂದಾಗ ನಾವು ಸ್ನೇಹಿತರು ಹೋಟೆಲಿನಲ್ಲಿ ಕುಳಿತು ಸಂಪ್ರದಾಯದ ಕ್ರೌರ್ಯವನ್ನು ಕುರಿತು ಎರಡು ಗಂಟೆ ಚರ್ಚಿಸಿದ್ದೆವು. ಈ ಸಲ ನನಗೆ ಮಾತು ಬರಲಿಲ್ಲ. ಬಿರುಕುಗಳೂ ಗೀರುಗಳೂ ಇಲ್ಲದ ಸ್ವಚ್ಛವಾದ ಪ್ರತಿಯಲ್ಲಿ ಆ ಮುಖ ಬಹಳ ಹತ್ತಿರಕ್ಕೆ ಬಂದಂತಿತ್ತು. ಕತೆಯನ್ನು ಓದುವಾಗ ನಾವು ಹುಡುಗನ ಕಣ್ಣಿನೊಳಗೆ ಇರುತ್ತೇವೆ. ಅವನ ಭಯವೇ ನಮ್ಮ ಭಯ. ಚಿತ್ರದಲ್ಲಾದರೋ ನೋಡುವ ಹುಡುಗನೂ ಕಾಣುತ್ತಾನೆ, ನೋಡಿಸಿಕೊಂಡ ಯಮುನೆಯೂ ಕಾಣುತ್ತಾಳೆ. ನಾವು ಯಾರ ಕಡೆ ನಿಂತಿದ್ದೇವೆಂಬ ಪ್ರಶ್ನೆ ಏಳುವುದು ಆಗಲೇ. ನಾಣಿ ಏನನ್ನೂ ಮಾಡಲಾರದ ಮಗು. ತಂದೆಯ ಕೈಹಿಡಿದು ಹೋದವನು. ಅವನನ್ನು ಯಾರೂ ದೂಷಿಸಲಾರರು. ಮನೆಗೆ ಮರಳುವಾಗ ಈ ಮಾತನ್ನು ನನಗೆ ನಾನೇ ಹೇಳಿಕೊಂಡೆ; ನಾಣಿಯ ಈ ರಿಯಾಯಿತಿ ನನಗೆ ಸಲ್ಲುವುದಿಲ್ಲವೆಂಬುದೂ ಜೊತೆಗೇ ನೆನಪಾಯಿತು.

ಮೂರನೆಯ ವಾರ ‘ಪಥೇರ್ ಪಾಂಚಾಲಿ’ಗೆ ಮೀಸಲಾಯಿತು. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ 1929ರ ಕಾದಂಬರಿಯನ್ನು ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿಯವರ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಸತ್ಯಜಿತ್ ರಾಯರ 1955ರ ಚಿತ್ರವನ್ನು ಮನೆಯಲ್ಲಿಯೇ ನೋಡಿದೆ. ಈ ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಒಂದು ಪ್ರಯೋಗಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋಗಿತ್ತು. ಅಳಿದುಳಿದ ಸುರುಳಿಗಳನ್ನು ಇಟಲಿಯ ಬೊಲೊನ್ಯ ನಗರದ ಕುಶಲಿಗಳು ಮೃದುಗೊಳಿಸಿ, ಜೋಡಿಸಿ, 2015ರ ಹೊತ್ತಿಗೆ ಮತ್ತೆ ನೋಡುವಂತೆ ಮಾಡಿದರು. ಬೆಂಕಿಯಿಂದ ಎದ್ದುಬಂದವರಲ್ಲಿ ಇಂದಿರ್ ಠಾಕ್ರುಣ್ ಎಂಬ ಮುದುಕಿಯೂ ಒಬ್ಬಳು. ಎಂಬತ್ತರ ಆಸುಪಾಸಿನಲ್ಲಿದ್ದ ಚುನೀಬಾಲಾ ದೇವಿ ಆ ಪಾತ್ರವನ್ನು ಮಾಡಿದ್ದಾರೆ. ಆ ಮನೆಯಲ್ಲಿ ಅವಳೂ ಒಂದು ಮೂಲೆಯ ಅತ್ತೆ. ಹರಿದ ಸೀರೆ, ಒಂದು ಗಂಟು, ಒಂದು ಚಾಪೆ. ಕದ್ದ ಪೇರಲೆಹಣ್ಣನ್ನು ಅವಳ ಪಾತ್ರೆಯಲ್ಲಿ ಇಟ್ಟುಹೋಗುವ ದುರ್ಗಾ ಎಂಬ ಹುಡುಗಿಯೊಬ್ಬಳೇ ಅವಳಿಗೆ ನೆಂಟಳು.

ಪುಸ್ತಕವನ್ನೂ ಚಿತ್ರವನ್ನೂ ಒಂದೇ ವಾರದಲ್ಲಿ ಕಂಡವನಿಗೆ ಒಂದು ವ್ಯತ್ಯಾಸ ತಪ್ಪದೆ ಕಾಣುತ್ತದೆ. ಕಾದಂಬರಿಯಲ್ಲಿ ಮುದುಕಿ ಬೇಗನೆ, ಅಪು ಇನ್ನೂ ಎಳೆಗೂಸಾಗಿರುವಾಗಲೇ ಸಾಯುತ್ತಾಳೆ. ರೈಲನ್ನು ನೋಡಬೇಕೆಂದು ಮಕ್ಕಳು ಒಂದು ದಿನ ಹೊರಡುತ್ತಾರೆ. ದಾರಿ ತಪ್ಪಿ, ನೋಡದೆ ಮರಳುತ್ತಾರೆ. ದುರ್ಗಾ ಜ್ವರದಲ್ಲಿ ಮಲಗಿದಾಗ ತಮ್ಮನನ್ನು ಕೇಳುವುದು ಒಂದೇ: ಗುಣವಾದ ಮೇಲೆ ತನಗೊಂದು ದಿನ ರೈಲನ್ನು ತೋರಿಸುವೆಯಾ ಎಂದು. ಅವಳು ಅದನ್ನು ನೋಡಲೇ ಇಲ್ಲ. ಮುಂದೆ ಅಪು ಊರು ಬಿಟ್ಟು ರೈಲಿನಲ್ಲಿ ಹೋಗುವಾಗ, ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಂತೆ ಅವನ ಮನಸ್ಸಿಗೆ ಕಾಣುತ್ತದೆ.

ರಾಯರು ತಮ್ಮ ಚಿತ್ರದಲ್ಲಿ ದುರ್ಗಾಳಿಗೆ ರೈಲನ್ನು ಕೊಟ್ಟರು. ಬಿಳಿಯ ಕಾಶಹುಲ್ಲಿನ ಹೂವುಗಳ ನಡುವೆ ಮಕ್ಕಳು ಓಡುತ್ತಾರೆ. ಕಪ್ಪು ಹೊಗೆ ಬಿಡುತ್ತ ರೈಲು ಬರುತ್ತದೆ. ಈ ದೃಶ್ಯವನ್ನು ತೆಗೆಯಲು 1952ರಲ್ಲಿ ಹೊರಟವರು ಒಂದು ದಿನದ ಕೆಲಸ ಮುಗಿಸಿ ಮುಂದಿನ ವಾರ ಹೋಗಿ ನೋಡಿದರೆ ಹೂವನ್ನೆಲ್ಲ ದನಗಳು ಮೇದುಬಿಟ್ಟಿದ್ದವು. ಮತ್ತೆ ಹೂ ಬಿಡುವವರೆಗೆ ಒಂದು ವರ್ಷ ಕಾದು ಉಳಿದುದನ್ನು ತೆಗೆದರು. ಅಷ್ಟು ಕಾದು ಕೊಟ್ಟ ರೈಲಾದರೂ ಪೂರ್ತಿ ದುರ್ಗಾಳದಲ್ಲ. ಹಳಿಯ ಸಮೀಪಕ್ಕೆ ಓಡಿದವನು ಅಪು, ಅವಳು ಹಿಂದೆ ಉಳಿಯುತ್ತಾಳೆ. ಅದೇ ದಿನ ಮನೆಗೆ ಮರಳುವಾಗ ಬಿದಿರುಮೆಳೆಯಲ್ಲಿ ಅತ್ತೆ ಕುಳಿತಿರುವುದು ಕಾಣುತ್ತದೆ. ದುರ್ಗಾ ಅವಳನ್ನು ಅಲುಗಿಸುತ್ತಾಳೆ. ಮುದುಕಿ ಉರುಳಿಬೀಳುತ್ತಾಳೆ. ಪುಸ್ತಕದಲ್ಲಿ ದೂರದೂರವಿದ್ದ ಎರಡು ಸಂಗತಿಗಳನ್ನು ರಾಯರು ಹೀಗೆ ಅಕ್ಕಪಕ್ಕದಲ್ಲಿಟ್ಟರು: ಮಕ್ಕಳು ನೋಡಿದ ರೈಲು, ಅವರು ಮನೆಯಲ್ಲಿ ಬಿಟ್ಟುಹೋದ ಮುದುಕಿ. ಅಲ್ಲಿಗೆ ನಾನು ಚಿತ್ರವನ್ನು ನಿಲ್ಲಿಸಿ ಹೊರಗೆ ಜಗುಲಿಯ ಮೇಲೆ ಬಂದು ಕುಳಿತೆ.

ಸಂಗತಿ ಇಷ್ಟೇ. 1967ರ ಬೇಸಗೆಯಲ್ಲಿ ನಮ್ಮೂರಿಗೆ ನಾಲ್ಕು ಮೈಲಿ ದೂರದ ಪೇಟೆಗೆ ಟೂರಿಂಗ್ ಟಾಕೀಸು ಬಂದಿತ್ತು. ಗದ್ದೆ ಬಯಲಿನಲ್ಲಿ ಡೇರೆ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಕುರ್ಚಿ. ದೇವರ ಹಾಡಿನ ಪ್ಲೇಟು ಹಾಕಿದರೆಂದರೆ ಆಟ ಆರಂಭವಾಯಿತೆಂದು ಅರ್ಥ. ಹಿಂದಿನ ವರ್ಷ ತೆರೆಕಂಡಿದ್ದ ‘ಮಂತ್ರಾಲಯ ಮಹಾತ್ಮೆ’ ಆಗ ಅಲ್ಲಿಗೆ ಬಂದಿತು. ರಾಜಕುಮಾರರು ರಾಘವೇಂದ್ರಸ್ವಾಮಿಗಳಾಗಿದ್ದಾರೆಂಬ ಸುದ್ದಿ ನಮ್ಮ ನಡುಮನೆಯವರೆಗೂ ತಲುಪಿತು. ದೊಡ್ಡತ್ತೆ ಜೀವಮಾನದಲ್ಲಿ ಸಿನಿಮಾ ಕಂಡವರಲ್ಲ. ಏನನ್ನೂ ಬೇಕೆಂದು ಕೇಳಿದವರೂ ಅಲ್ಲ. ಒಂದು ಮಧ್ಯಾಹ್ನ ಹಿತ್ತಿಲ ಕಟ್ಟೆಯಲ್ಲಿ ನಾನೊಬ್ಬನೇ ಇರುವುದನ್ನು ನೋಡಿ, “ಮಾಣಿ, ರಾಯರ ಸಿನಿಮಾ ಬಂದದಂತಲ್ಲೋ. ನನ್ನನ್ನೊಂದು ಸಲ ಕರ್ಕೊಂಡು ಹೋಗ್ತೀಯೇನೋ? ಗಾಡಿ ಹೂಡಿಸು ಅಂತ ಅಪ್ಪಯ್ಯನಿಗೆ ನಾನೇ ಹೇಳ್ತೆ” ಎಂದರು.

ನನಗೆ ಆಗ ಹದಿನೈದು ವರ್ಷ. ಶಾಲೆಯ ಗೆಳೆಯರೆಲ್ಲ ಆ ಡೇರೆಯಲ್ಲಿರುತ್ತಿದ್ದರು. ಕೆಂಪು ಸೀರೆಯ ಬೋಳುತಲೆಯ ಹೆಂಗಸಿನೊಡನೆ ಅವರ ಮುಂದೆ ಗಾಡಿಯಿಂದ ಇಳಿಯುವುದನ್ನು ನೆನೆದೇ ನನಗೆ ನಾಚಿಕೆಯಾಯಿತು. “ಪರೀಕ್ಷೆ ಮುಗಿಯಲಿ ಅತ್ತೆ” ಎಂದೆ. ಪರೀಕ್ಷೆ ಮುಗಿಯಿತು. ಮತ್ತೆ ಕೇಳಿದರು, “ಇನ್ನೂ ಇರ್ತದೆ ಅತ್ತೆ” ಎಂದೆ. ಮೂರನೆಯ ಸಲ ಅವರು ಕೇಳಲಿಲ್ಲ. ಅಷ್ಟರಲ್ಲಿ ನಾನು ಗೆಳೆಯರೊಡನೆ ಹೋಗಿ ನೆಲದಲ್ಲಿ ಕುಳಿತು ಆ ಚಿತ್ರವನ್ನು ನೋಡಿ ಬಂದಿದ್ದೆ.

ಅದು ಅವರಿಗೆ ತಿಳಿಯಿತು. ಬೇಸರಪಡಲಿಲ್ಲ. ಅಡಿಕೆಯ ಬುಟ್ಟಿಯನ್ನು ಬದಿಗಿಟ್ಟು, ಕೈಮುಗಿದು ಕುಳಿತು, “ಹಂಗಾದ್ರೆ ಕತೆಯಾದ್ರೂ ಹೇಳೋ” ಎಂದರು. ಹೇಳಿದೆ. ರಾಯರು ವೃಂದಾವನ ಪ್ರವೇಶ ಮಾಡುವ ಭಾಗಕ್ಕೆ ಬಂದಾಗ ನಡುವೆ ತಡೆದು, “ಒಳಗೆ ಹೋಗುವಾಗ ರಾಯರ ಮುಖ ಹೆಂಗಿತ್ತೋ?” ಎಂದು ಕೇಳಿದರು. ನಾನು ಆ ಹೊತ್ತಿನಲ್ಲಿ ಗೆಳೆಯನೊಡನೆ ಕಡಲೆಕಾಯಿ ಹಂಚಿಕೊಳ್ಳುತ್ತಿದ್ದೆನೋ ಏನೋ, ನೋಡಿರಲಿಲ್ಲ. ಬಾಯಿಗೆ ಬಂದುದನ್ನು ಹೇಳಿದೆ. ಅವರು ಕಣ್ಣೊರೆಸಿಕೊಂಡು, “ಸಾಕು ಬಿಡು, ನಾನೇ ನೋಡಿದ ಹಾಗಾಯ್ತು” ಎಂದರು. ಸಾಲು ಹಾರಿಸಿದರೆ ಹಿಡಿಯುತ್ತಿದ್ದ ಅತ್ತೆ ಅಂದು ನನ್ನ ಸುಳ್ಳನ್ನು ಹಿಡಿಯಲಿಲ್ಲ. ಹಿಡಿದೂ ಬಿಟ್ಟುಕೊಟ್ಟರೋ ತಿಳಿಯದು. ಮುಂಗಾರು ಹಿಡಿದೊಡನೆ ಡೇರೆ ಕಿತ್ತುಹೋಯಿತು. ಮಳೆಗಾಲ ಕಳೆದು ಅದು ಮತ್ತೆ ಬರುವ ವೇಳೆಗೆ ದೊಡ್ಡತ್ತೆ ಇರಲಿಲ್ಲ.

ಪುಸ್ತಕ ಹೆಚ್ಚೋ ಸಿನಿಮಾ ಹೆಚ್ಚೋ ಎಂಬುದನ್ನು ಕುರಿತು ಕಾಲೇಜಿನ ದಿನಗಳಿಂದಲೂ ನಾನು ವಾದ ಮಾಡುತ್ತ ಬಂದವನು. ಪುಸ್ತಕದ ಪಕ್ಷವೇ ನನ್ನದು. ಈಗ ಆ ವಾದದಲ್ಲಿ ಉತ್ಸಾಹ ಉಳಿದಿಲ್ಲ. ನಾವು ಕಾಣದ ಒಳಮನಸ್ಸನ್ನು ಪುಸ್ತಕವು ಎಷ್ಟು ತೆರೆದು ತೋರಿಸಿದರೂ, ಕಣ್ಣು ಬೇರೆಡೆಗೆ ಹೊರಳಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ನಮಗೆ ಕೊಟ್ಟಿರುತ್ತದೆ. ಫಣಿಯಮ್ಮನನ್ನು ಮೆಚ್ಚಿಕೊಂಡು ದೊಡ್ಡತ್ತೆಯನ್ನು ಮರೆತಿರುವುದು ನನಗೆ ಸಾಧ್ಯವಾದುದು ಆ ಸ್ವಾತಂತ್ರ್ಯದಿಂದಲೇ. ತೆರೆಯು ಅಷ್ಟು ಉದಾರವಲ್ಲ. ಹಿತ್ತಿಲಿನತ್ತ ನೋಡಬಾರದೆಂದು ಕಲಿತ ಹುಡುಗನ ಗಲ್ಲವನ್ನು ಹಿಡಿದು ಅತ್ತಲೇ ತಿರುಗಿಸಿ, ನೋಡು ಎನ್ನುತ್ತದೆ. ಆದರೆ ನೋಡಿದುದಕ್ಕೆ ಅರ್ಥವಿದೆಯೆಂದು ತಿಳಿಯಲು ಮೊದಲು ಓದಿರಬೇಕಾಗಿತ್ತು, ಓದಿಸಿಕೊಂಡವರೂ ಒಬ್ಬರು ಇರಬೇಕಾಗಿತ್ತು. ದೊಡ್ಡತ್ತೆಯಂಥವರು ಇಂದಿನ ಮನೆಗಳಲ್ಲಿಲ್ಲ. ಅವರ ಕೆಂಪು ಸೀರೆಯೊಂದಿಗೆ ಆ ಕಟ್ಟಳೆಯೂ ಹೋಯಿತು, ಒಳ್ಳೆಯದಾಯಿತು. ಆದರೆ ಮನೆಯ ಮೂಲೆಯಲ್ಲಿ ಕುಳಿತು, ಒಮ್ಮೆ ಕೇಳಿ, ಎರಡನೆಯ ಸಲ ಕೇಳಿ, ಮೂರನೆಯ ಸಲ ಸುಮ್ಮನಾಗುವವರು ಇಂದಿಗೂ ಇಲ್ಲವೆಂದು ಯಾರು ಹೇಳಬಲ್ಲರು?

ತಿಂಗಳ ಕೊನೆಯ ದಿನ ಸಂಜೆ ಮೊಮ್ಮಗಳು, “ಅಜ್ಜ, ಇವತ್ತು ಯಾವುದು ಹುಡುಕಲಿ?” ಎಂದು ಕೇಳಿದಳು. ‘ಮಂತ್ರಾಲಯ ಮಹಾತ್ಮೆ’ ಎಂದೆ. ಇಷ್ಟು ವರ್ಷಗಳಲ್ಲಿ ನಾನು ಅದನ್ನು ಮತ್ತೆ ನೋಡಿರಲಿಲ್ಲ. ನನ್ನ ಹೆಂಡತಿಯೂ ಬಂದು ಪಕ್ಕದಲ್ಲಿ ಕುಳಿತಳು. ಅವಳಿಗೆ ಈ ಸಂಗತಿಯನ್ನು ಹೇಳಿದುದೂ ಅಂದೇ ಮೊದಲು. ವೃಂದಾವನದ ದೃಶ್ಯ ಬಂದಾಗ ಮೂವರೂ ಸುಮ್ಮನಿದ್ದೆವು. ರಾಯರ ಮುಖವನ್ನು ಕಣ್ಣು ಬಿಟ್ಟು ನೋಡಿದೆ. ದೊಡ್ಡತ್ತೆಯ ಪ್ರಶ್ನೆಗೆ ಉತ್ತರ ಈಗ ನನಗೆ ಗೊತ್ತು. ಹೇಳಬೇಕಾದವರಿಗೆ ಹೇಳಲಾಗದ ಮೇಲೆ ಅದನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ. ಹಾಲಿನ ಲೆಕ್ಕದ ಪುಸ್ತಕವನ್ನು ತೆಗೆದು, ಹಿಂಬದಿಯ ಹಾಳೆಯಲ್ಲಿ ಚಿತ್ರದ ಹೆಸರನ್ನೂ ತಾರೀಖನ್ನೂ ಬರೆದು ಮಲಗಿದೆ.